ಪಂಕ್ರಾತ್ ತಬ್ಬಿಕೊಂಡ ಅಮೆರಿಕದವನು

ನಮ್ಮ ವೆರ್ಖ್ನಿ ಯಾರ್ ಊರಿನ ಬ್ರೆಡ್ ಕಾರ್ಖಾನೆಯಲ್ಲಿ ಪಂಕ್ರಾತ್ ಲುಕೋಶ್ಕಿನ್‌ನಷ್ಟು ದೊಡ್ಡ ಬಾಯಿ ಇನ್ನೊಂದಿರಲಿಲ್ಲ. ಅವನು ಸೀನಿದರೆ ಓಕಾ ನದಿಯ ಆಚೆ ದಂಡೆಯಲ್ಲಿ ಹಸುಗಳು ಮೇಯುವುದು ಬಿಟ್ಟು ತಲೆ ಎತ್ತುತ್ತಿದ್ದವು. ಅವನು ನಕ್ಕರೆ ಒಲೆಯೊಳಗಿನ ಹಿಟ್ಟು ಅರ್ಧ ಗಂಟೆ ಮೊದಲೇ ಉಬ್ಬುತ್ತಿತ್ತು. ಒಲೆಯ ಮುಂದೆ ನಿಂತು ಒಂದೇ ಪಾಳಿಯಲ್ಲಿ ನಾಲ್ಕು ಸಾವಿರ ಕಪ್ಪು ಬ್ರೆಡ್ಡು ಇಳಿಸುತ್ತೇನೆ ಎನ್ನುತ್ತಿದ್ದ. ಇಳಿಸುತ್ತಿದ್ದದ್ದು ನಾನೂರು ಎನ್ನುವವರಿದ್ದರು. ಅವರು ಹೊಟ್ಟೆಕಿಚ್ಚಿನ ಜನ.

ಈ ಬಾಯಿಗೆ ಯುದ್ಧ ಮುಗಿದ ವರ್ಷ ಒಂದು ಕಥೆ ಸಿಕ್ಕಿತು. ಏಪ್ರಿಲ್ ಇಪ್ಪತ್ತೈದರಂದು ಜರ್ಮನಿಯ ಎಲ್ಬೆ ನದಿಯ ಹತ್ತಿರ ನಮ್ಮ ಸೈನ್ಯ ಪೂರ್ವದಿಂದ ಹೋಗಿ, ಅಮೆರಿಕದ ಸೈನ್ಯ ಪಶ್ಚಿಮದಿಂದ ಬಂದು, ಒಬ್ಬರನ್ನೊಬ್ಬರು ತಬ್ಬಿಕೊಂಡ ಕಥೆ. ಪಂಕ್ರಾತ್ ಅದನ್ನು ಮೊದಲ ಸಲ ಹೇಳಿದಾಗ ಮುರಿದ ಸೇತುವೆಯ ಮೇಲೆ ಒಬ್ಬನೇ ಅಮೆರಿಕದವನಿದ್ದ. ಒಂದು ಕಾಲಿಗೆ ಬೂಟು. ಇನ್ನೊಂದು ಬೂಟು ನೀರುಪಾಲಾಗಿ, ಆ ಕಾಲಿಗೆ ಯಾವುದೋ ಜರ್ಮನ್ ಅಜ್ಜಿಯ ಉಣ್ಣೆ ಚಪ್ಪಲಿ. ಮರುವರ್ಷ ಮೂವರು ಅಮೆರಿಕದವರಾದರು. ನಲವತ್ತೇಳರಲ್ಲಿ ಒಬ್ಬ ಜನರಲ್ ಬಂದ, ಪಂಕ್ರಾತನ ಭುಜಕ್ಕೆ ತಲೆಯಿಟ್ಟು ಅತ್ತ, ಟೆಕ್ಸಾಸಿನಲ್ಲಿರುವ ತನ್ನ ಹಸುಗಳಲ್ಲಿ ಅರ್ಧ ಇವನಿಗೇ ಎಂದ. ಪಂಕ್ರಾತನೂ ಬಿಡಲಿಲ್ಲ. ನಮ್ಮ ಸೈನ್ಯದ ಬ್ರೆಡ್ಡಿನ ಗುಟ್ಟನ್ನೆಲ್ಲ ಜನರಲ್ಲನ ಕಿವಿಯಲ್ಲಿ ಹೇಳಿಬಿಟ್ಟನಂತೆ.

"ಏನ್ ಯೆಗೊರಿಚ್, ಈ ಸಲ ಎಷ್ಟು ಜನರಲ್‌ಗಳು?" ಎಂದು ಹಿಟ್ಟು ನಾದುವ ಹೆಂಗಸರು ಪಂಕ್ರಾತನನ್ನು ಅಪ್ಪನ ಹೆಸರು ಹಿಡಿದು ಕೇಳುತ್ತಿದ್ದರು.

"ತಡೀರಮ್ಮ, ಇನ್ನೂ ಎಣಿಸ್ತಾ ಇದೀನಿ. ಸೇತುವೆ ದಾಟಿ ಬರ್ತಾನೇ ಇದಾರೆ!"

ಅವನ ಹೆಂಡತಿ ಗ್ಲಾಫಿರಾ ಅದೇ ಕಾರ್ಖಾನೆಯಲ್ಲಿ ತೂಕದ ಮೇಜಿನ ಹಿಂದೆ ನಿಲ್ಲುತ್ತಿದ್ದಳು. ಅವಳು ತಲೆ ಎತ್ತದೆ ಹೇಳುತ್ತಿದ್ದಳು: "ತಮ್ಮಪ್ಪನ ಹತ್ರ ಎರಡು ಕುದುರೆ ಇದೆ ಅಂತ ಹೇಳಿ ನನ್ನ ಮದುವೆ ಆದ ಗಂಡಸು ಇವನು. ಬಂದು ನೋಡಿದ್ರೆ ಒಂದು ಜೀನು. ಅದೂ ಪಕ್ಕದ ಮನೇದು."

ಕಥೆಯ ನಿಜ ಹೇಳಿಬಿಡುತ್ತೇನೆ. ಆ ಏಪ್ರಿಲ್ಲಿನಲ್ಲಿ ಪಂಕ್ರಾತ್ ಎಲ್ಬೆಯಿಂದ ಮೂವತ್ತು ಕಿಲೋಮೀಟರ್ ಹಿಂದೆ, ಸೈನ್ಯದ ಬೇಕರಿಯಲ್ಲಿ, ಮೊಣಕೈವರೆಗೆ ಹಿಟ್ಟಿನಲ್ಲಿದ್ದ. ಸೇತುವೆಯ ಮೇಲಿದ್ದವನು ಯೆರ್ಮೊಲಾಯ್ ಝಿಗಾಲೊವ್. ನಮ್ಮ ಕಾರ್ಖಾನೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ಮೂರು ಹೆಣ್ಣುಮಕ್ಕಳ ತಂದೆ. ಇಡೀ ಜನ್ಮದಲ್ಲಿ ಆಡಿದ ಮಾತುಗಳನ್ನು ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಸಿದರೆ ಇನ್ನೂ ಕಡ್ಡಿಗಳಿಗೆ ಜಾಗ ಉಳಿಯುವಂಥ ಮೌನಿ. ಸೈನ್ಯದಿಂದ ಊರಿಗೆ ಬರುವ ರೈಲಿನಲ್ಲಿ, ಹನ್ನೊಂದು ದಿನದ ಪ್ರಯಾಣದಲ್ಲಿ, ಒಂದೇ ಒಂದು ಸಲ ಅವನು ಬಾಯಿ ಬಿಟ್ಟಿದ್ದ. ಕೇಳಿದ ಪಂಕ್ರಾತನ ಕಣ್ಣು ಲಾಟೀನಿನಂತೆ ಉರಿಯಿತು.

"ಅಯ್ಯೋ ಪಾಪಿ, ಇದನ್ನ ಹೊಟ್ಟೇಲಿ ಇಟ್ಕೊಂಡು ಸುಮ್ನೆ ಕೂತಿದೀಯಲ್ಲೋ!"

"ನಂಗೆ ಹೇಳಕ್ಕೆ ಬರಲ್ಲ," ಎಂದ ಯೆರ್ಮೊಲಾಯ್. "ನಿಂಗೆ ಬೇಕಾದ್ರೆ ತಗೋ."

ಹಾಗೆ ಕಥೆ ಕೈ ಬದಲಾಯಿಸಿತು. ಕಾರ್ಖಾನೆಗೆ ಸೇರುವಾಗ ಇಬ್ಬರೂ ಆತ್ಮವಿವರದ ಅರ್ಜಿ ತುಂಬಿದರು. ನಮ್ಮಲ್ಲಿ ಪೊರಕೆ ಹಿಡಿಯುವವನೂ ತುಂಬಬೇಕಾದ, ನಾಲ್ಕು ಪುಟದ ಅರ್ಜಿ ಅದು. ಅದರಲ್ಲಿ ಒಂದು ಪ್ರಶ್ನೆ: ವಿದೇಶೀಯರೊಂದಿಗೆ ಸಂಪರ್ಕವಿತ್ತೇ? ಪಂಕ್ರಾತ್ ಬರೆದ: "ಇತ್ತು! ವಿವರಕ್ಕೆ ಇನ್ನೊಂದು ಹಾಳೆ ಕೊಡಿ." ಯೆರ್ಮೊಲಾಯ್‌ಗೆ ಪೆನ್ನು ಹಿಡಿಯುವುದು ಕಲ್ಲಿದ್ದಲಿನ ಸಲಿಕೆ ಹಿಡಿಯುವುದಕ್ಕಿಂತ ಭಾರ. ಅವನು "ಇಲ್ಲ" ಎಂದು ಬರೆದು ಕೈ ಒರೆಸಿಕೊಂಡ. ಆಗ ಅದರಲ್ಲಿ ಯಾರಿಗೂ ಏನೂ ಕಾಣಲಿಲ್ಲ.

ಆಗಿನ ಕಾಲವೇ ಹಾಗಿತ್ತು. ಅಮೆರಿಕದಿಂದ ಬಂದ ಡಬ್ಬಿ ಮಾಂಸ ತಿಂದೇ ನಾವು ಬರ್ಲಿನ್ ತಲುಪಿದ್ದು. ಅವರು ಪಶ್ಚಿಮದಿಂದ ಜರ್ಮನಿಯ ಮೇಲೆ ಎರಡನೇ ಯುದ್ಧರಂಗ ತೆರೆಯುತ್ತೇವೆಂದು ಮೂರು ವರ್ಷ ಕಾಯಿಸಿದ್ದಕ್ಕೆ, ಆ ಡಬ್ಬಿಗೇ 'ಎರಡನೇ ರಂಗ' ಎಂದು ಹೆಸರಿಟ್ಟು, ಮುಚ್ಚಳ ತೆರೆಯುವಾಗ "ತೆರೀತಾ ಇದೀವಿ ಕಣ್ರೋ!" ಎಂದು ನಗುತ್ತಿದ್ದೆವು. ಕಾರ್ಖಾನೆಯ ಬ್ರೆಡ್ಡು ಹೊರುವ ಲಾರಿಯೂ ಅಮೆರಿಕದ್ದೇ. ಕಾರ್ಖಾನೆಯ ಪಕ್ಷ ಕಾರ್ಯದರ್ಶಿ ಕಪಿತೋಲಿನಾ ಸೆರ್ಗೇವ್ನಾ ಆಗ ವೇದಿಕೆಯ ಮೇಲೆ ಎರಡು ಬಾವುಟಗಳನ್ನು ಒಟ್ಟಿಗೆ ಕಟ್ಟಿಸಿದ್ದಳು. ಪಂಕ್ರಾತನ ಕಥೆಯನ್ನು ತನ್ನ ಮುದ್ದಾದ ಅಕ್ಷರದಲ್ಲಿ ಗೋಡೆ ಪತ್ರಿಕೆಗೆ ಬರೆದವಳೂ ಅವಳೇ. "ಕೊನೇಲಿ ಒಂದು ಸಾಲು ಕಮ್ಮಿ ಆಯ್ತು, ಯೆಗೊರಿಚ್," ಎಂದು ತಾನಾಗಿ ಸೇರಿಸಿದ್ದಳು: 'ಈ ಸ್ನೇಹ ಶಾಶ್ವತ ಎಂದು ನಾವಿಬ್ಬರೂ ಆಣೆ ಮಾಡಿದೆವು.'

ಶಾಶ್ವತ ಎರಡು ವರ್ಷವೂ ಬಾಳಲಿಲ್ಲ. ಮೊದಲು ವೇದಿಕೆಯಿಂದ ಒಂದು ಬಾವುಟ ಇಳಿಯಿತು. ಆಮೇಲೆ ಲಾರಿಯ ಮೂತಿಯ ಮೇಲಿದ್ದ ವಿದೇಶಿ ಹೆಸರಿಗೆ ಹಸಿರು ಬಣ್ಣ ಬಿತ್ತು. ಆಮೇಲೆ ಊಟದ ಬಿಡುವಿನಲ್ಲಿ ಕಪಿತೋಲಿನಾ ಪತ್ರಿಕೆ ಓದುವಾಗ, 'ನಮ್ಮ ವೀರ ಮಿತ್ರರು' ಇದ್ದ ಜಾಗಕ್ಕೆ 'ಯುದ್ಧಕೋರರು' ಬಂದು ಕೂತರು. ಅದೇ ಬಾಯಿ, ಅದೇ ದನಿ, ಅದೇ ಬೆರಳು ಗಾಳಿಯಲ್ಲಿ. ಅಲ್ಲಿಯವರು ಬಂಡವಾಳದ ದಾಸರು, ಇಲ್ಲಿಯವರು ದುಡಿಯುವ ಜನ, ನಡುವೆ ಬರ್ಲಿನ್ ಎರಡು ತುಂಡು. ಅವರ ಕೈಯಲ್ಲಿ ಬಾಂಬು. ನಲವತ್ತೊಂಬತ್ತರ ಏಪ್ರಿಲ್ ಆರಂಭದಲ್ಲಿ, ಸಾಗರದಾಚೆ ಹನ್ನೆರಡು ದೇಶಗಳು ನಮ್ಮ ವಿರುದ್ಧ ಒಪ್ಪಂದಕ್ಕೆ ಸಹಿ ಹಾಕಿದ ಸುದ್ದಿ ಓದುವಾಗ ಅವಳ ದನಿಗೆ ಕಿಟಕಿಯ ಗಾಜು ನಡುಗಿ, ಮೂರು ಗಾಜು ಬಿರುಕು ಬಿಟ್ಟವು. ಮೂರೇ, ಹೆಚ್ಚು ಹೇಳುತ್ತಿಲ್ಲ.

ಪಂಕ್ರಾತ್ ಇದನ್ನೆಲ್ಲ ಕೇಳುತ್ತಿದ್ದ. ಆದರೆ ಅವನ ತಲೆಗೆ ಅವನದೇ ಲೆಕ್ಕ.

"ಅದು ಅವರ ಧಣಿಗಳ ವಿಷಯ ಕಣೇ," ಎಂದು ಗ್ಲಾಫಿರಾಗೆ ಹೇಳಿದ. "ನನ್ನೋನು ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಬಂದೋನು. ಅವನ್ಯಾವ ಸೀಮೆ ಧಣಿ?"

"ನಿನ್ನೋನಲ್ಲ. ಯೆರ್ಮೊಲಾಯ್‌ದು. ಈ ವರ್ಷ ಬಾಯಿ ಮುಚ್ಕೊಂಡು ಇರು."

"ಮೂರು ವರ್ಷದಿಂದ ಇಪ್ಪತ್ತೈದನೇ ತಾರೀಕು ನನ್ನ ದಿನ. ಜನ ಕಾಯ್ತಾ ಇರ್ತಾರೆ."

ಜನ ಕಾಯುತ್ತಿದ್ದದ್ದು ನಿಜ. ಏಪ್ರಿಲ್ ಇಪ್ಪತ್ತೈದರ ಮಧ್ಯಾಹ್ನ ನಾಲ್ಕಕ್ಕೆ, ಪಾಳಿ ಮುಗಿದ ಮೇಲೆ, ಎಲ್ಲರೂ ಸಭಾಂಗಣಕ್ಕೆ ಬರಬೇಕೆಂದು ಕಪಿತೋಲಿನಾ ಹೇಳಿ ಕಳಿಸಿದ್ದಳು. ಪಂಕ್ರಾತ್ ಮುಖ ಕ್ಷೌರ ಮಾಡಿಕೊಂಡು, ಮದುವೆಯ ಕೋಟು ತೊಟ್ಟು, ಎದೆಗೆ ವಿಜಯದ ಪದಕ ಚುಚ್ಚಿಕೊಂಡ. ಎದೆಯ ಜೇಬಿನಲ್ಲಿ ಸೈನಿಕ ಪುಸ್ತಕ, ಇನ್ನೊಂದು ಜೇಬಿನಲ್ಲಿ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಕಥೆ ಮುಗಿದ ಮೇಲೆ ಯಾರಾದರೂ ಒಂದು ಲೋಟ ವೋಡ್ಕಾ ಕೊಟ್ಟೇ ಕೊಡುತ್ತಾರೆಂಬ ಭರವಸೆ. ನೂರೈವತ್ತು ಜನರ ನಡುವೆ ಮದುಮಗನಂತೆ ನಡೆದು, ಮೆಟ್ಟಿಲು ಹತ್ತಿ, ಪ್ರತಿವರ್ಷದಂತೆ ವೇದಿಕೆಯ ಮಧ್ಯದ ಕುರ್ಚಿಯಲ್ಲಿ ಕೂತ.

"ಅಲ್ಲಲ್ಲ," ಎಂದಳು ಕಪಿತೋಲಿನಾ. "ಕೆಳಗೆ."

ವೇದಿಕೆಯ ಕೆಳಗೆ, ಜನರಿಗೆ ಎದುರಾಗಿ, ಒಂಟಿ ಸ್ಟೂಲು ಇಟ್ಟಿತ್ತು. ಅದರ ಮೇಲೆ ಕೂರುವುದೆಂದರೆ ಏನೆಂದು ನಮ್ಮ ಊರಿನ ಐದು ವರ್ಷದ ಮಗುವಿಗೂ ಗೊತ್ತು. ಪಂಕ್ರಾತನಿಗೆ ಮಾತ್ರ ಗೊತ್ತಾಗಲಿಲ್ಲ. "ಸರಿ, ಇಲ್ಲಿಂದ ಇನ್ನೂ ಚೆನ್ನಾಗಿ ಕೇಳ್ಸತ್ತೆ," ಎಂದು ಇಳಿದು ಕೂತ. ಆಗ ವೇದಿಕೆಯ ಮಧ್ಯದ ಕುರ್ಚಿಗೆ, ಈಗಷ್ಟೇ ಅವನು ಬಿಸಿ ಮಾಡಿದ್ದ ಕುರ್ಚಿಗೆ, ಬೂದು ಕೋಟಿನ ಒಬ್ಬ ಮನುಷ್ಯ ಬಂದು ಕೂತ. ಪ್ರಾಂತ್ಯದ ಕೇಂದ್ರದಿಂದ ಬಂದವನು. ಹೆಸರು ಹೇಳಲಿಲ್ಲ. ಅವನ ಮುಂದೆ ನಾಲ್ಕು ವರ್ಷದ ಗೋಡೆ ಪತ್ರಿಕೆಗಳು ಸುರುಳಿ ಬಿಚ್ಚಿ ಮಲಗಿದ್ದವು.

"ಇವತ್ತಿನ ವಿಷಯ," ಎಂದು ಕಪಿತೋಲಿನಾ ಓದಿದಳು, "ವಿದೇಶದ ಮುಂದೆ ಮಂಡಿಯೂರಿದ, ಶತ್ರುವಿನೊಂದಿಗೆ ಸಂಬಂಧ ಇಟ್ಟುಕೊಂಡ, ಒಲೆ ವಿಭಾಗದ ಕೆಲಸಗಾರ ಲುಕೋಶ್ಕಿನ್."

ಪಂಕ್ರಾತ್ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಅವನು ಸುತ್ತಲೂ ನೋಡಿದ. ನಾಲ್ಕು ವರ್ಷ ಅವನ ಬಾಯಿಯನ್ನೇ ನೋಡುತ್ತಿದ್ದ ನೂರೈವತ್ತು ಜೊತೆ ಕಣ್ಣುಗಳು ಈಗ ತಮ್ಮ ತಮ್ಮ ಬೂಟು ನೋಡುತ್ತಿದ್ದವು. ಅವನ ನಗು ಬಾಯಲ್ಲೇ ಉಳಿಯಿತು, ಎಲ್ಲಿಡಬೇಕೆಂದು ಗೊತ್ತಾಗದ ಖಾಲಿ ತಟ್ಟೆಯ ಹಾಗೆ.

ಬೂದು ಕೋಟಿನವನು ಮೆತ್ತಗೆ ಕೇಳಿದ. "ಸಾವಿರದ ಒಂಬೈನೂರ ನಲವತ್ತೇಳು. 'ನಮ್ಮ ಸೈನ್ಯದ ಬ್ರೆಡ್ಡಿನ ಗುಟ್ಟನ್ನೆಲ್ಲ ಅಮೆರಿಕದ ಜನರಲ್ ಕಿವಿಯಲ್ಲಿ ಹೇಳಿದೆ.' ಇದು ನೀವು ಹೇಳಿದ ಮಾತಾ?"

"ಅದು... ಜನ ನಗ್ಲಿ ಅಂತ..."

"ಏನೇನು ಗುಟ್ಟು ಹೇಳಿದ್ರಿ? ಎಷ್ಟು ಬ್ರೆಡ್ಡು, ಎಷ್ಟು ಸೈನಿಕರಿಗೆ? ಅದರಿಂದ ಸೈನ್ಯದ ಸಂಖ್ಯೆ ಗೊತ್ತಾಗತ್ತಲ್ವಾ?"

"ಅಯ್ಯೋ ಸ್ವಾಮಿ, ಜನರಲ್ಲೇ ಇರ್ಲಿಲ್ಲ!"

"'ಈ ಸ್ನೇಹ ಶಾಶ್ವತ ಎಂದು ನಾವಿಬ್ಬರೂ ಆಣೆ ಮಾಡಿದೆವು.' ಯಾರ ಹತ್ರ ಆಣೆ ಮಾಡಿದ್ರಿ?"

"ಅದು ನಾನು ಹೇಳಿದ್ದಲ್ಲ! ಕಪಿತೋಲಿನಾ ಸೆರ್ಗೇವ್ನಾ ಸೇರ್ಸಿದ್ದು! ಅಕ್ಷರ ನೋಡಿ, ಅವರದೇ!"

ಕಪಿತೋಲಿನಾಳ ಮುಖ ಬ್ರೆಡ್ಡಿನ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಬೂದು ಕೋಟಿನವನು ಅವಳತ್ತ ಒಂದು ಕ್ಷಣ ನೋಡಿ, ಪುಟ ಮಗುಚಿದ. ಆ ಒಂದು ಕ್ಷಣದಲ್ಲಿ ಅವಳಿಗೆ ಹತ್ತು ವರ್ಷ ವಯಸ್ಸಾಯಿತು.

ಆಗ ಪಂಕ್ರಾತ್ ಎದ್ದು ನಿಂತು, ಬದುಕಿನಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಸತ್ಯ ಹೇಳಿದ.

"ನಾನು ಎಲ್ಬೆ ಹತ್ರ ಹೋಗೇ ಇಲ್ಲ! ನದೀನೂ ನೋಡಿಲ್ಲ! ಮೂವತ್ತು ಕಿಲೋಮೀಟರ್ ಹಿಂದೆ ಹಿಟ್ಟು ನಾದ್ತಾ ಇದ್ದೆ! ನನ್ನ ಕಥೆ ಪೂರ್ತಿ ಸುಳ್ಳು!"

ಸಭೆಯಲ್ಲಿ ಗುಸುಗುಸು ಎದ್ದಿತು. ನಂಬಲು ಯಾರಿಗೂ ಮನಸ್ಸಿರಲಿಲ್ಲ. ಹಿಟ್ಟು ನಾದುವ ಮುದುಕಿ ಒಬ್ಬಳು ಅಳುತ್ತಾ ಎದ್ದಳು. "ಬೇಡ ಯೆಗೊರಿಚ್, ಹೆದರ್ಕೊಂಡು ನಿನ್ನ ಹೆಸರಿಗೆ ನೀನೇ ಮಸಿ ಬಳ್ಕೋಬೇಡ! ನೀನು ಅಲ್ಲಿದ್ದೆ ಕಣಪ್ಪ! ಆ ಚಪ್ಪಲಿ ಕಥೆ ಹೇಳ್ದಾಗ ನಾವೆಲ್ಲ ಎಷ್ಟು ನಕ್ಕಿದೀವಿ!" ಪ್ರೀತಿಯಿಂದಲೇ ಆಡಿದ ಮಾತು. ಅದರ ಪ್ರತಿ ಅಕ್ಷರವನ್ನೂ ಬೂದು ಕೋಟಿನವನು ಬರೆದುಕೊಂಡ.

ಆಗ ತೂಕದ ಮೇಜಿನ ದನಿ ಕೇಳಿಸಿತು. ಗ್ಲಾಫಿರಾ ಬೆಂಚಿನ ಮೇಲೆಯೇ ಹತ್ತಿ ನಿಂತಿದ್ದಳು.

"ಸುಳ್ಳು! ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ, ನನ್ನನ್ನ ಕೇಳಿ! ಇವನು ಒಂದು ಬ್ರೆಡ್ಡು ತಿಂದ್ರೆ ಹತ್ತು ಅಂತಾನೆ! ಅವನ ಸೈನಿಕ ಪುಸ್ತಕ ತೆಗ್ಸಿ ನೋಡಿ! ಏಪ್ರಿಲ್ಲಿಂದ ಜೂನ್‌ವರೆಗೂ ಬೇಕರಿ, ಬೇಕರಿ, ಬೇಕರಿ!"

ಪುಸ್ತಕ ಕೈಯಿಂದ ಕೈಗೆ ವೇದಿಕೆಗೆ ಹೋಯಿತು. ಬೂದು ಕೋಟಿನವನು ಮೊಹರು ನೋಡಿದ, ತಾರೀಕು ನೋಡಿದ, ಬೆಳಕಿಗೆ ಹಿಡಿದು ನೋಡಿದ. ಇಡೀ ಸಭಾಂಗಣ ಉಸಿರು ಹಿಡಿದಿತ್ತು. ನೂರೈವತ್ತು ಜನರ ಉಸಿರು ನಿಂತದ್ದರಿಂದ ಪರದೆಗಳು ಒಳಕ್ಕೆ ಸೆಳೆದುಕೊಂಡವು.

"ಸರಿಯಾಗಿದೆ," ಎಂದ ಕೊನೆಗೆ. "ಇವರು ಅಲ್ಲಿರಲಿಲ್ಲ."

ಪಂಕ್ರಾತ್ ಸ್ಟೂಲಿನ ಮೇಲೆ ಕುಸಿದು ಕೂತ. ಬೆವರು ಕತ್ತಿನಿಂದ ಪದಕದ ಮೇಲೆ ಹನಿಯಿತು. ಬದುಕಿದೆ ಎಂದುಕೊಂಡ. ಬಾಯಿಬಡುಕ ಎಂಬ ಹೆಸರು, ಒಂದು ಎಚ್ಚರಿಕೆಯ ಪತ್ರ, ಸಂಬಳದಲ್ಲಿ ಕಡಿತ. ಏನಾದರಾಗಲಿ, ಸಂಜೆ ಮನೆಯಲ್ಲಿ ಎಲೆಕೋಸಿನ ಸಾರು ಕುಡಿಯಬಹುದು.

"ಒಂದೇ ಪ್ರಶ್ನೆ," ಎಂದ ಬೂದು ಕೋಟಿನವನು. "ಜನರಲ್, ಹಸು, ಕಣ್ಣೀರು, ಇವೆಲ್ಲ ನಿಮ್ಮ ಕೈಚಳಕ, ಒಪ್ಕೋತೀನಿ. ಸುಳ್ಳು ಹೇಳೋರು ಜನರಲ್‌ಗಳನ್ನೇ ಸೇರಿಸೋದು. ಆದರೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಅಜ್ಜಿ ಚಪ್ಪಲಿ? ಇದನ್ನ ಯಾರೂ ಕೂತ್ಕೊಂಡು ಕಟ್ಟಲ್ಲ. ಇದನ್ನ ಕಣ್ಣಾರೆ ನೋಡಿದೋನು ಒಬ್ಬ ಇದಾನೆ. ನಿಮಗೆ ಹೇಳಿದಾನೆ. ಈ ಕಾರ್ಖಾನೆ ಅರ್ಜಿಗಳನ್ನೆಲ್ಲ ತೆಗ್ಸಿ ನೋಡ್ದೆ, ವಿದೇಶೀಯರ ಸಂಪರ್ಕ ಇತ್ತು ಅಂತ ನಿಮ್ಮನ್ನ ಬಿಟ್ಟು ಇನ್ಯಾರೂ ಬರೆದಿಲ್ಲ. ಅಂದ್ರೆ ಮುಚ್ಚಿಟ್ಟಿದಾನೆ. ಅವನ ಹೆಸರು ಹೇಳಿ, ಮನೆಗೆ ಹೋಗಿ."

ಪಂಕ್ರಾತನ ಕಿವಿಯಲ್ಲಿ ಹಿಟ್ಟಿನ ಯಂತ್ರ ತಿರುಗಿದಂತಾಯಿತು. ಕಣ್ಣು ತಾನಾಗಿಯೇ ಹಿಂದಿನ ಸಾಲಿಗೆ ಹೋಗಲು ಹೊರಟಿತು. ಅದನ್ನು ಹಿಡಿದು ನಿಲ್ಲಿಸಲು ಅವನಿಗೆ ಬೇಕಾದ ಬಲದಲ್ಲಿ ನಮ್ಮ ಲಾರಿಯನ್ನು ಬೆಟ್ಟ ಹತ್ತಿಸಬಹುದಿತ್ತು. ಅಲ್ಲಿ, ಸಭಾಂಗಣ ಬೆಚ್ಚಗಿಡುವ ಗೋಡೆಯ ಒಲೆಯ ಪಕ್ಕ, ಯೆರ್ಮೊಲಾಯ್ ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದಾನೆಂದು ನೋಡದೆಯೇ ಗೊತ್ತಿತ್ತು. ಅರ್ಜಿಯಲ್ಲಿ ಸುಳ್ಳು ಬರೆದದ್ದು ಒಂದು ಅಪರಾಧ, ಶತ್ರುವನ್ನು ಕಂಡದ್ದು ಇನ್ನೊಂದು. ಅವನ ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯಳಿಗೆ ಆಗಷ್ಟೇ ಹಾಲುಹಲ್ಲು ಬೀಳುತ್ತಿತ್ತು.

"ಹೇಳ್ರೀ ಲುಕೋಶ್ಕಿನ್."

ಪಂಕ್ರಾತ್ ಎದ್ದ. ಕೋಟಿನ ಗುಂಡಿ ಹಾಕಿಕೊಂಡ.

"ಪುಸ್ತಕದಲ್ಲಿರೋದು ತಪ್ಪು," ಎಂದ. "ಬೇಕರೀಲಿ ಹೆಸರಿತ್ತು, ನಾನಿರ್ಲಿಲ್ಲ. ಬ್ರೆಡ್ಡಿನ ಗಾಡಿ ತಗೊಂಡು, ಯಾರಿಗೂ ಹೇಳದೆ, ನದಿ ಹತ್ರ ಹೋದೆ. ಈಗ ಹೆದರ್ಕೊಂಡು ಇಲ್ಲ ಅಂದೆ. ನೋಡಿದೋನು ನಾನೇ."

"ನಿಮ್ಮ ಹೆಂಡತಿ..."

"ಅವಳು ನಾನು ಹೇಳಿದ್ದು ಯಾವುದನ್ನ ನಂಬಿದಾಳೆ?"

ಆಮೇಲೆ ಅವನು ಕಥೆ ಹೇಳಿದ. ಸ್ವಾಮಿ, ನಾನು ಆ ಬಾಯಿಂದ ಸಾವಿರ ಕಥೆ ಕೇಳಿದ್ದೇನೆ; ಅಂಥದ್ದನ್ನು ಕೇಳಿಲ್ಲ. ಜನರಲ್ ಇಲ್ಲ, ಹಸು ಇಲ್ಲ, ಕಣ್ಣೀರಿಲ್ಲ. ಮುರಿದ ಸೇತುವೆ, ಬಾಗಿದ ಕಬ್ಬಿಣದ ತೊಲೆ, ಅದರ ಮೇಲೆ ಆ ಕಡೆಯಿಂದ ತೆವಳಿಕೊಂಡು ಬಂದ ಒಬ್ಬ ಹುಡುಗ, ಈ ಕಡೆಯಿಂದ ತೆವಳಿದ ತಾನು. ಕೆಳಗೆ ಕಂದು ಬಣ್ಣದ ನೀರು. ಯೆರ್ಮೊಲಾಯ್ ರೈಲಿನಲ್ಲಿ ಹೇಳಿದ ಒಂದೊಂದೇ ಮಾತನ್ನು, ಒಂದೂ ಹೆಚ್ಚಿಸದೆ, ಎತ್ತಿ ಎತ್ತಿ ಇಟ್ಟ. ಕಪಿತೋಲಿನಾ ತುಟಿ ಕಚ್ಚಿಕೊಂಡಿದ್ದಳು.

ಅವನು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಯೆರ್ಮೊಲಾಯ್ ಎದ್ದು ನಿಂತಿದ್ದ. ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಅದು... ನಾನು..."

"ಕೂತ್ಕೊಳ್ಳೋ ಮಸಿ ಮೂತಿ!" ಎಂದು ಪಂಕ್ರಾತ್ ಅಬ್ಬರಿಸಿದ, ಆಚೆ ದಂಡೆಯ ಹಸುಗಳು ಖಂಡಿತ ತಲೆ ಎತ್ತಿರಬೇಕು. "ನಿಂಗೂ ಪಾಲು ಬೇಕಾ? ನಾಲ್ಕು ವರ್ಷ ನನ್ನ ಕಥೆ ಕೇಳಿ ಕೇಳಿ ನಿಂಗೂ ನದಿ ಕಾಣಕ್ಕೆ ಶುರುವಾಯ್ತಾ? ಹೋಗು, ಬಾಯ್ಲರ್ ಆರಿ ಹೋಗಿದ್ರೆ ನಾಳೆ ಊರಿಗೆ ಬ್ರೆಡ್ಡಿಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ನಗಲು ಒಂದು ನೆಪ ಸಿಕ್ಕಿದ್ದಕ್ಕೆ, ಅಳುವವರ ಹಾಗೆ, ಮೈಯೆಲ್ಲ ಅಲುಗಾಡಿಸಿ ನಕ್ಕರು. ಬೂದು ಕೋಟಿನವನೂ ತುಟಿ ಓರೆ ಮಾಡಿದ. ಪಕ್ಕದವರು ಯೆರ್ಮೊಲಾಯ್‌ನ ಅಂಗಿ ಹಿಡಿದು ಕೂರಿಸಿದರು. ಅವನು ಕೂತ. ಮಾತು ಬಾರದವನಿಗೆ ಅದನ್ನು ಎರಡನೇ ಸಲ ಶುರುಮಾಡುವ ಶಕ್ತಿ ಎಲ್ಲಿಂದ ಬರಬೇಕು?

ಹೇಳಿಕೆಯ ಕಾಗದ ಪಂಕ್ರಾತನ ಮುಂದೆ ಬಂತು. ಅವನು ಓದಿ, ಒಂದು ಕಡೆ ಬೆರಳಿಟ್ಟ.

"ಇಲ್ಲಿ 'ಅಮೆರಿಕದವರು' ಅಂತ ಬರ್ದಿದೀರಿ. ಒಬ್ಬನೇ ಇದ್ದದ್ದು. ತಿದ್ದಿ."

ತಿದ್ದಿದರು. ಸಹಿ ಹಾಕಿದ. ಹೊರಗೆ ಕಪ್ಪು ಕಾರು ಇಂಜಿನ್ ಆರಿಸದೆ ನಿಂತಿತ್ತು. ಅವನನ್ನು ಇಬ್ಬರ ನಡುವೆ ಕೂರಿಸಿಕೊಂಡು ಹೊರಟಿತು. ಹೋಗುವಾಗ ಕಿಟಕಿಯಿಂದ ಗ್ಲಾಫಿರಾಗೆ ಏನೋ ಕೂಗಿದ. ಲೋಕದಲ್ಲೇ ದೊಡ್ಡದಾದ ಆ ಬಾಯಿಯ ಮಾತು ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

ಸಭಾಂಗಣ ಐದೇ ನಿಮಿಷದಲ್ಲಿ ಖಾಲಿಯಾಯಿತು. ಗ್ಲಾಫಿರಾ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಅವಳಿಗೆ ಅಳು ಬರುತ್ತಿರಲಿಲ್ಲ. ಕೆನ್ನೆಗೆ ಹೊಡೆತ ಬಿದ್ದು ನೋವು ಇನ್ನೂ ಶುರುವಾಗದವರ ಮುಖ ಅವಳದು. ಒಲೆಯ ಪಕ್ಕ ಯೆರ್ಮೊಲಾಯ್ ಒಬ್ಬನೇ ಉಳಿದಿದ್ದ.

"ಅವನ ಹೆಸರೇನು?" ಎಂದಳು.

"ಯಾರದು?"

"ಆ ಅಮೆರಿಕದೋನದು."

ಯೆರ್ಮೊಲಾಯ್ ತಲೆ ಅಲ್ಲಾಡಿಸಿದ. "ಕೇಳ್ಲಿಲ್ಲ. ನಂಗೆ ಅವನ ಭಾಷೆ ಬರಲ್ಲ, ಅವನಿಗೆ ನಂದು."

"ಎಷ್ಟು ಹೊತ್ತು ಜೊತೇಲಿದ್ರಿ?"

"ಹತ್ತು ನಿಮಿಷ. ಅವನಿಗೆ ಹಸಿವಾಗಿತ್ತು. ಜೇಬಲ್ಲಿ ಬ್ರೆಡ್ಡಿತ್ತು, ಅರ್ಧ ಮುರಿದು ಕೊಟ್ಟೆ. ತಿಂದ. ಭುಜ ತಟ್ಟಿದ. ಹೋದ."

"ಅಷ್ಟೇನಾ?"

"ಅಷ್ಟೇ, ಗ್ಲಾಫಿರಾ." ಆಮೇಲೆ, ಇಡೀ ಜನ್ಮದ ಮಾತು ಅದೊಂದೇ ದಿನ ಖರ್ಚು ಮಾಡುವವನಂತೆ, ಇನ್ನೊಂದು ಸೇರಿಸಿದ. "ಬ್ರೆಡ್ಡು ಅವನ ಬೇಕರೀದು. ಪಂಕ್ರಾತಂದು. ಆ ಬೆಳಿಗ್ಗೆ ಬಂದ ಗಾಡೀದು. ಇದನ್ನ ಅವನಿಗೆ ಹೇಳೇ ಇರ್ಲಿಲ್ಲ."

ಗ್ಲಾಫಿರಾ ತಲೆ ಎತ್ತಿ ಅವನನ್ನು ನೋಡಿದಳು. ಹೊರಗೆ ಎರಡನೇ ಪಾಳಿಯ ಸೈರನ್ ಕೂಗಿತು. ಇಬ್ಬರಲ್ಲಿ ಯಾರೂ ಏಳಲಿಲ್ಲ.